ರಮ್ ಕೇಕಿನಲ್ಲಿ ರಮ್ ಎಷ್ಟು ಉಳಿಯುತ್ತೆ?

ನವೆಂಬರ್ ಬಂತು ಅಂದ್ರೆ ಮುಂಬೈ, ಪುಣೆ, ಚೆನ್ನೈ, ದೆಹಲಿ ಎಲ್ಲಾ ಕಡೆಯಿಂದಲೂ ನಮಗೆ ಬರೋ ಪ್ರಶ್ನೆ ಒಂದೇ: "ಪ್ಲಮ್ ಕೇಕಿಗೆ ದ್ರಾಕ್ಷಿ ಯಾವಾಗ ನೆನೆ ಹಾಕ್ಬೇಕು?" ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತೆ, ಸ್ವಲ್ಪ ದನಿ ತಗ್ಗಿಸಿ ಕೇಳೋದು: "ರಮ್ ಹಾಕಿದ್ರೆ ಮಕ್ಕಳಿಗೆ ಕೊಡಬಹುದಾ? ಬೆಂದ ಮೇಲೆ ಎಲ್ಲಾ ಹಾರಿ ಹೋಗುತ್ತಲ್ವಾ?"

ಮೊದಲನೇ ಪ್ರಶ್ನೆಗೆ ಉತ್ತರ ಸುಲಭ. ಎರಡನೇದಕ್ಕೂ ಸುಲಭ ಅಂತಲೇ ನಾನು ಬಹಳ ವರ್ಷ ಅಂದುಕೊಂಡಿದ್ದೆ. ಯಾರು ಕೇಳಿದ್ರೂ "ಹ್ಞೂಂ, ಎಲ್ಲಾ ಹಾರಿ ಹೋಗುತ್ತೆ, ವಾಸನೆ ಮಾತ್ರ ಉಳಿಯುತ್ತೆ" ಅಂತ ಹೇಳಿಬಿಡ್ತಿದ್ದೆ. ಒಂದು ವರ್ಷ ಕ್ರಿಸ್‌ಮಸ್ ಹೊತ್ತಿಗೆ ನಮ್ಮ ಬಿಲ್ಡಿಂಗಿನಲ್ಲಿ ಮನೆ ಮನೆಗೂ ಕೇಕ್ ಹಂಚಿದೆ. ಕೆಳಗಿನ ಮಹಡಿಯ ಹಿರಿಯರೊಬ್ಬರು ತುಂಡನ್ನು ಕೈಗೆ ತಗೊಂಡು, ಮೂಸಿ ನೋಡಿ, "ಇದರಲ್ಲಿ ರಮ್ ಇದೆಯಾ?" ಅಂದ್ರು. ನಾನು ಅದೇ ಹಳೇ ಉತ್ತರ ಕೊಟ್ಟೆ. ಅವರು ನಕ್ಕು ತುಂಡನ್ನು ವಾಪಸ್ ತಟ್ಟೆಗಿಟ್ಟರು. ಕುಡಿತ ಬಿಟ್ಟು ಎರಡು ವರ್ಷ ಆಗಿತ್ತಂತೆ. ಬಿಡಿಸೋಕೆ ಡಾಕ್ಟರು ಕೊಟ್ಟ ಮಾತ್ರೆ ಇನ್ನೂ ನಡೀತಾ ಇತ್ತು. "ಕೆಮ್ಮಿನ ಸಿರಪ್ ಕೂಡ ಲೇಬಲ್ ಓದಿ ಕುಡೀಬೇಕಮ್ಮಾ ನಾನು" ಅಂದ್ರು.

ಆವತ್ತು ಮನೆಗೆ ಬಂದು ಕೂತು ಲೆಕ್ಕ ಹಾಕಿದೆ. ನಾನು ಇಷ್ಟು ವರ್ಷ ಹೇಳ್ತಾ ಬಂದದ್ದು ತಪ್ಪು. ಎಲ್ಲಾ ಹಾರಿ ಹೋಗಲ್ಲ. ಎಷ್ಟು ಉಳಿಯುತ್ತೆ ಅನ್ನೋದು ನಾವು ರಮ್ಮನ್ನು ಯಾವಾಗ, ಎಲ್ಲಿ ಹಾಕ್ತೀವಿ ಅನ್ನೋದರ ಮೇಲೆ ಹೋಗುತ್ತೆ. ಇವತ್ತಿನ ಮಾತು ಅದರ ಬಗ್ಗೆ. ರಮ್ ಬೇಡ ಅನ್ನೋಕೆ ನಾನು ಬಂದಿಲ್ಲ, ನಮ್ಮ ಮನೆ ಕೇಕಿಗೆ ಈಗಲೂ ರಮ್ಮೇ ಹಾಕೋದು. ಆದರೆ ಗೊತ್ತಿದ್ದು ಹಾಕೋಣ.

ಕಬ್ಬಿನಿಂದ ಬಾಟಲಿಗೆ

ರಮ್ ಅಂದ್ರೆ ಕಬ್ಬಿನ ಸಾರಾಯಿ. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಹಾಲು ಕುದಿಸಿ ಸಕ್ಕರೆ ಹರಳು ತೆಗೆದ ಮೇಲೆ ಕಪ್ಪಗೆ, ಮಂದವಾಗಿ ಉಳಿಯೋ ಪಾಕಕ್ಕೆ ನಮ್ಮಲ್ಲಿ ಕಾಕಂಬಿ ಅಂತಾರೆ. ಮಂಡ್ಯ ಕಡೆಯವರಿಗೆ ಇದನ್ನ ವಿವರಿಸಬೇಕಾಗಿಲ್ಲ. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಶುರುವಾದಾಗಿನಿಂದ ಆ ಊರಿನ ಗಾಳಿಯಲ್ಲೇ ಕಾಕಂಬಿ ವಾಸನೆ ಇದೆ. ಈ ಕಾಕಂಬಿಗೆ ನೀರು, ಯೀಸ್ಟ್ ಸೇರಿಸಿ ಹುಳಿ ಬರಿಸಿ, ಭಟ್ಟಿ ಇಳಿಸಿದರೆ ರಮ್. ಇಳಿಸಿದಾಗ ಅದು ನೀರಿನ ಹಾಗೆ ತಿಳಿಯಾಗಿರುತ್ತೆ. ಓಕ್ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಟ್ಟಾಗ ಮರದಿಂದ ಬಣ್ಣ ಇಳಿಯುತ್ತೆ, ಜೊತೆಗೆ ವೆನಿಲ್ಲಾದಲ್ಲಿರೋ ವೆನಿಲಿನ್ ಅನ್ನೋ ಪರಿಮಳದ ಅಂಶವೂ ಬರುತ್ತೆ. ಡಾರ್ಕ್ ರಮ್ಮಿಗೆ ಗಾಢ ಬಣ್ಣಕ್ಕಾಗಿ ಸುಟ್ಟ ಸಕ್ಕರೆಯ ಕ್ಯಾರಮೆಲ್ಲನ್ನೂ ಸೇರಿಸುತ್ತಾರೆ.

ಅಂದ್ರೆ ಒಂದು ಡಾರ್ಕ್ ರಮ್ ಬಾಟಲಿಯಲ್ಲಿ ಬೆಲ್ಲದ ಪಾಕ, ವೆನಿಲ್ಲಾ, ಸುಟ್ಟ ಸಕ್ಕರೆ, ಮಾಗಿದ ಹಣ್ಣು, ಈ ನಾಲ್ಕೂ ವಾಸನೆ ಇದ್ದೇ ಇರುತ್ತೆ. ಕ್ರಿಸ್‌ಮಸ್ ಕೇಕಿನಲ್ಲಿ ಬೇಕಾದ ವಾಸನೆಗಳೂ ಇವೇ ಅಲ್ವಾ? ರಮ್ಮಿಗೂ ಈ ಕೇಕಿಗೂ ಜೋಡಿ ಕೂಡಿ ಬಂದದ್ದು ಅದಕ್ಕೇ.

ನಮ್ಮ ದೇಶದಲ್ಲಿ ಬೇಕಿಂಗಿಗೆ ರಮ್ ಅಂದಾಗ ಹೆಚ್ಚಿನವರ ಬಾಯಲ್ಲಿ ಬರೋ ಹೆಸರು ಓಲ್ಡ್ ಮಾಂಕ್, 1954ರಿಂದ ಇರೋದು. ಅದರ ಲೇಬಲ್ ಮೇಲೆ 42.8 ಅನ್ನೋ ಅಂಕಿ ಇರುತ್ತೆ. ಬೇರೆ ರಮ್, ವಿಸ್ಕಿ ಬಾಟಲಿಗಳ ಮೇಲೂ ನೋಡಿ, ಬಹುಪಾಲು ಅದೇ ಅಂಕಿ. ಯಾಕೆ ಸರಿಯಾಗಿ 40 ಅಲ್ಲ, 45 ಅಲ್ಲ? ಬ್ರಿಟಿಷರ ಕಾಲದ ಅಳತೆ ಅದು. ಅವರ 'ಪ್ರೂಫ್' ಲೆಕ್ಕದಲ್ಲಿ 100 ಡಿಗ್ರಿ ಅಂದ್ರೆ ಶೇಕಡಾ 57.15 ಆಲ್ಕೋಹಾಲ್. ಅದರಲ್ಲಿ 75 ಡಿಗ್ರಿ ತಗೊಂಡರೆ ಹತ್ತಿರ ಹತ್ತಿರ 42.8 ಬರುತ್ತೆ. ಈ ಅಂಕಿ ನೆನಪಿಟ್ಟುಕೊಳ್ಳಿ, ಮುಂದೆ ಲೆಕ್ಕಕ್ಕೆ ಬೇಕು.

ಕೇಕಿನಲ್ಲಿ ರಮ್ ಏನು ಕೆಲಸ ಮಾಡುತ್ತೆ?

ಮೂರು ಕೆಲಸ ಮಾಡುತ್ತೆ.

ಮೊದಲನೇದು, ವಾಸನೆ ಹೊರೋದು. ಚಕ್ಕೆ, ಲವಂಗ, ಕಿತ್ತಳೆ ಸಿಪ್ಪೆ, ವೆನಿಲ್ಲಾ, ಇವುಗಳ ಪರಿಮಳದ ಎಣ್ಣೆ ನೀರಿಗಿಂತ ಆಲ್ಕೋಹಾಲಿನಲ್ಲಿ ಚೆನ್ನಾಗಿ ಕರಗುತ್ತೆ. ಅಂಗಡಿಯಲ್ಲಿ ಸಿಗೋ ಅಸಲಿ ವೆನಿಲ್ಲಾ ಎಕ್ಸ್‌ಟ್ರಾಕ್ಟನ್ನು ಆಲ್ಕೋಹಾಲಿನಲ್ಲೇ ಮಾಡೋದು ಅದಕ್ಕೆ. ಆಲ್ಕೋಹಾಲ್ ಬೇಗ ಆವಿಯಾಗೋ ವಸ್ತು ಬೇರೆ. ಹಾಗಾಗಿ ತುಂಡು ಬಾಯಿಗೆ ಬರೋ ಮುಂಚೆಯೇ ವಾಸನೆ ಮೂಗಿಗೆ ತಲುಪುತ್ತೆ.

ಎರಡನೇದು, ಒಣ ಹಣ್ಣನ್ನು ಮೆತ್ತಗೆ ಮಾಡೋದು. ಒಣ ದ್ರಾಕ್ಷಿಯನ್ನು ಹಾಗೇ ಹಿಟ್ಟಿಗೆ ಹಾಕಿದರೆ ಅದು ಕೇಕಿನ ತೇವವನ್ನು ಹೀರಿಕೊಳ್ಳುತ್ತೆ, ಕೇಕ್ ಒಣಕಲಾಗುತ್ತೆ. ಮೊದಲೇ ನೆನೆದು ಉಬ್ಬಿದ ದ್ರಾಕ್ಷಿ ತನ್ನ ರಸವನ್ನು ಕೇಕಿಗೆ ವಾಪಸ್ ಕೊಡುತ್ತೆ.

ಮೂರನೇದು, ಕೆಡದ ಹಾಗೆ ಕಾಯೋದು. ಇದರಲ್ಲಿ ರಮ್ ಒಂದೇ ಅಲ್ಲ, ಒಣ ಹಣ್ಣಿನ ಸಕ್ಕರೆಯೂ ಸೇರಿ ಕೆಲಸ ಮಾಡುತ್ತೆ. ನಮ್ಮ ಉಪ್ಪಿನಕಾಯಿಯಲ್ಲಿ ಉಪ್ಪು, ಹುಳಿ, ಎಣ್ಣೆ ಮೂರೂ ಸೇರಿ ಕಾಯೋ ಹಾಗೆ. ಜಮೈಕಾದಲ್ಲಿ ಕ್ರಿಸ್‌ಮಸ್‌ಗೆ ಮಾಡೋ ಬ್ಲ್ಯಾಕ್ ಕೇಕಿಗೆ ಹಣ್ಣನ್ನು ರಮ್ ಮತ್ತು ವೈನಿನಲ್ಲಿ ತಿಂಗಳುಗಟ್ಟಲೆ ನೆನೆಸಿಡುತ್ತಾರೆ. ಜರ್ಮನಿಯಲ್ಲಿ ರುಮ್‌ಟಾಪ್ಫ್ ಅಂತ ಒಂದು ಮಣ್ಣಿನ ಭರಣಿ ಇಟ್ಟು, ಬೇಸಿಗೆಯಿಂದ ಒಂದೊಂದು ಹಣ್ಣಿನ ಕಾಲ ಬಂದ ಹಾಗೆ ಆ ಹಣ್ಣು, ಸಕ್ಕರೆ, ರಮ್ ಸೇರಿಸುತ್ತಾ ಹೋಗಿ ಚಳಿಗಾಲದಲ್ಲಿ ತೆಗೆದು ತಿನ್ನುತ್ತಾರೆ.

ಹಾಗಂತ ರಮ್ಮೇ ಆಗಬೇಕು ಅಂತ ಎಲ್ಲೂ ಬರೆದಿಲ್ಲ. ಮಂಗಳೂರಿನಿಂದ ಕೇರಳದ ಕಡೆ ರೈಲು ಹತ್ತಿದರೆ ಕಾಸರಗೋಡು, ಕಣ್ಣೂರು ದಾಟಿ ತಲಶ್ಶೇರಿ ಬರುತ್ತೆ. ಅಲ್ಲಿ ಮಾಂಬಳ್ಳಿ ಬಾಪು ಅನ್ನೋರ ಬೇಕರಿ ಇತ್ತು. 1883ರಲ್ಲಿ ಮುರ್ಡಾಕ್ ಬ್ರೌನ್ ಅನ್ನೋ ತೋಟದ ಸಾಹೇಬ ಇಂಗ್ಲೆಂಡಿನ ಕೇಕೊಂದನ್ನು ತಂದು ತೋರಿಸಿ, "ಇದೇ ಥರ ಮಾಡಿಕೊಡು" ಅಂದನಂತೆ. ಪಕ್ಕದ ಮಾಹೆಯಿಂದ ಫ್ರೆಂಚ್ ಬ್ರಾಂಡಿ ತಂದು ಹಾಕು ಅಂತಲೂ ಹೇಳಿದನಂತೆ. ಬಾಪು ಅದರ ಬದಲು ಗೇರುಹಣ್ಣು, ಬಾಳೆಹಣ್ಣಿನಿಂದ ಅಲ್ಲೇ ಇಳಿಸಿದ ಸಾರಾಯಿ ಹಾಕಿದರು, ಸಾಹೇಬ ಮೆಚ್ಚಿಕೊಂಡ, ಅನ್ನೋದು ಅಲ್ಲಿ ಹೇಳಿಕೊಂಡು ಬಂದ ಕತೆ. ಭಾರತದಲ್ಲಿ ಮಾಡಿದ ಮೊದಲ ಕ್ರಿಸ್‌ಮಸ್ ಕೇಕ್ ಅಂತ ಅದನ್ನು ಕರೆಯುತ್ತಾರೆ. ಅದೇ ರೀತಿ ಅಲಹಾಬಾದಿನ ಕೇಕಿಗೆ ಬೆಣ್ಣೆ ಜಾಗದಲ್ಲಿ ತುಪ್ಪ, ಜೊತೆಗೆ ಬೂದುಗುಂಬಳದ ಪೇಠಾ ಹೋಗುತ್ತೆ. ನಮ್ಮ ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಪ್ಲಮ್ ಕೇಕ್ ಕುಸ್ವಾರಿನ ತಟ್ಟೆಯಲ್ಲಿ ಕಿಡಿಯೊ, ನೆವ್ರಿಗಳ ಜೊತೆ ಕೂತಿರುತ್ತೆ. ಊರಲ್ಲಿ ಏನು ಸಿಗುತ್ತೋ ಅದನ್ನು ಸೇರಿಸಿಕೊಂಡೇ ಈ ಕೇಕ್ ಬೆಳೆದಿದೆ.

ಕೇಕ್ ಮಾಡೋ ಕ್ರಮ

ಈಗ ಅಡುಗೆಮನೆಗೆ ಹೋಗೋಣ. 8 ಇಂಚಿನ, 3 ಇಂಚು ಎತ್ತರದ ದುಂಡು ಟಿನ್ನಿಗೆ ಈ ಅಳತೆ. ಬೆಂದ ಮೇಲೆ ಸುಮಾರು ಒಂದೂವರೆ ಕಿಲೋ ಕೇಕ್ ಸಿಗುತ್ತೆ.

ನೆನೆಸೋಕೆ: ಒಣ ದ್ರಾಕ್ಷಿ 150 ಗ್ರಾಂ, ಕಪ್ಪು ಒಣ ದ್ರಾಕ್ಷಿ 150 ಗ್ರಾಂ, ಬೀಜ ತೆಗೆದು ಹೆಚ್ಚಿದ ಖರ್ಜೂರ 100 ಗ್ರಾಂ, ಒಣ ಅಂಜೂರ 50 ಗ್ರಾಂ, ಸಕ್ಕರೆ ಪಾಕದ ಕಿತ್ತಳೆ ಸಿಪ್ಪೆ ಅಥವಾ ಟೂಟಿ ಫ್ರೂಟಿ 50 ಗ್ರಾಂ. ಒಟ್ಟು 500 ಗ್ರಾಂ. ಡಾರ್ಕ್ ರಮ್ 150 ಎಂ.ಎಲ್.

ಹಿಟ್ಟಿಗೆ: ಮೈದಾ 200 ಗ್ರಾಂ, ಬೆಣ್ಣೆ 200 ಗ್ರಾಂ, ಬ್ರೌನ್ ಶುಗರ್ 180 ಗ್ರಾಂ, ಮೊಟ್ಟೆ 4, ಬೇಕಿಂಗ್ ಪೌಡರ್ 1 ಟೀ ಚಮಚ, ಚಕ್ಕೆ ಲವಂಗ ಜಾಯಿಕಾಯಿ ಒಣಶುಂಠಿ ಸೇರಿಸಿ ಕುಟ್ಟಿದ ಪುಡಿ ಒಂದೂವರೆ ಟೀ ಚಮಚ, ಒಂದು ಕಿತ್ತಳೆಯ ಸಿಪ್ಪೆಯ ತುರಿ, ಹೆಚ್ಚಿದ ಗೋಡಂಬಿ 100 ಗ್ರಾಂ, ಸುಟ್ಟ ಸಕ್ಕರೆ ಪಾಕ 80 ಎಂ.ಎಲ್., ಉಪ್ಪು ಒಂದು ಚಿಟಿಕೆ. ಬೆಣ್ಣೆಗೆ ಉಪ್ಪು ಮೊದಲೇ ಹಾಕಿದ್ದರೆ ಬೇರೆ ಉಪ್ಪು ಬೇಡ.

ಹಣ್ಣುಗಳನ್ನು ತೊಳೆದರೆ ಬಟ್ಟೆ ಮೇಲೆ ಹರಡಿ ಪೂರ್ತಿ ಒಣಗಿಸಿ. ಒಣಗಿದ ಗಾಜಿನ ಜಾಡಿಗೆ ಹಾಕಿ ರಮ್ ಸುರಿದು ಮುಚ್ಚಿ. ದಿನಕ್ಕೊಂದು ಸಲ ಜಾಡಿಯನ್ನು ತಲೆಕೆಳಗು ಮಾಡಿ ಅಲುಗಾಡಿಸಿ. ಒಂದು ವಾರ ಸಾಕು, ನಾಲ್ಕು ವಾರ ಆದರೆ ಇನ್ನೂ ಚೆನ್ನ. ನಿಯಮ ಉಪ್ಪಿನಕಾಯಿದೇ: ಒದ್ದೆ ಚಮಚ ಹಾಕಬೇಡಿ, ಒದ್ದೆ ಕೈ ಹಾಕಬೇಡಿ. ಮುಂಬೈ, ಚೆನ್ನೈ ಸೆಕೆಯಲ್ಲಿ ಅನುಮಾನ ಇದ್ದರೆ ಫ್ರಿಜ್ಜಿನಲ್ಲಿಡಿ, ತಪ್ಪಿಲ್ಲ.

ಪುರುಸೊತ್ತು ಇಲ್ಲ, ನಾಳೆಯೇ ಕೇಕ್ ಆಗಬೇಕು ಅಂದ್ರೆ? ಹಣ್ಣುಗಳನ್ನು 75 ಎಂ.ಎಲ್. ಕಿತ್ತಳೆ ರಸದಲ್ಲಿ ಎರಡು ನಿಮಿಷ ಬಿಸಿ ಮಾಡಿ, ಗ್ಯಾಸ್ ಆರಿಸಿ, ಪೂರ್ತಿ ತಣ್ಣಗಾದ ಮೇಲೆ 75 ಎಂ.ಎಲ್. ರಮ್ ಸೇರಿಸಿ ರಾತ್ರಿಯಿಡೀ ಬಿಡಿ. ರಮ್ಮನ್ನೇ ಒಲೆ ಮೇಲಿಟ್ಟು ಬಿಸಿ ಮಾಡಬೇಡಿ. ಅದರ ಆವಿಗೆ ಬೆಂಕಿ ಹತ್ತುತ್ತೆ.

ಸುಟ್ಟ ಸಕ್ಕರೆ ಪಾಕಕ್ಕೆ 100 ಗ್ರಾಂ ಸಕ್ಕರೆಯನ್ನು ದಪ್ಪ ತಳದ ಪಾತ್ರೆಯಲ್ಲಿ ಕರಗಿಸಿ, ಗಾಢ ಕಂದು ಬಣ್ಣಕ್ಕೆ ಬಂದ ತಕ್ಷಣ ಗ್ಯಾಸ್ ಆರಿಸಿ, 80 ಎಂ.ಎಲ್. ಬಿಸಿ ನೀರನ್ನು ಸ್ವಲ್ಪ ಸ್ವಲ್ಪವೇ ಹಾಕಿ. ಜೋರಾಗಿ ಸಿಡಿಯುತ್ತೆ, ಕೈ ದೂರ ಇರಲಿ. ಗಂಟು ಕಟ್ಟಿದರೆ ಮತ್ತೆ ಸಣ್ಣ ಉರಿಯಲ್ಲಿ ಕರಗಿಸಿಕೊಳ್ಳಿ. ತಣ್ಣಗಾದ ಮೇಲೆ 80 ಎಂ.ಎಲ್. ಅಳೆದು ತಗೊಳ್ಳಿ.

ಬೆಣ್ಣೆ, ಸಕ್ಕರೆ ಚೆನ್ನಾಗಿ ನೊರೆಯೋ ಹಾಗೆ ಕಡೆಯಿರಿ. ಮೊಟ್ಟೆ ಒಂದೊಂದಾಗಿ ಸೇರಿಸಿ. ಸುಟ್ಟ ಸಕ್ಕರೆ ಪಾಕ, ಕಿತ್ತಳೆ ತುರಿ ಹಾಕಿ. ಮೈದಾ, ಬೇಕಿಂಗ್ ಪೌಡರ್, ಮಸಾಲೆ ಪುಡಿಗಳನ್ನು ಜರಡಿ ಹಿಡಿದು ಹಗುರವಾಗಿ ಬೆರೆಸಿ. ಕೊನೆಗೆ ಹಣ್ಣು, ಉಳಿದ ರಮ್, ಗೋಡಂಬಿ. ಬಟರ್ ಪೇಪರ್ ಹಾಕಿದ ಟಿನ್ನಿಗೆ ಸುರಿದು, ಮೊದಲೇ ಕಾಯಿಸಿದ ಓವನ್ನಿನಲ್ಲಿ 150 ಡಿಗ್ರಿಯಲ್ಲಿ ಸುಮಾರು ಒಂದೂವರೆ ಗಂಟೆ. ಚಿಕ್ಕ ಓಟಿಜಿಯಲ್ಲಿ ಮೇಲುಭಾಗ ಬೇಗ ಕಪ್ಪಾಗುತ್ತೆ, ಒಂದು ಗಂಟೆ ಆದ ಮೇಲೆ ಫಾಯಿಲ್ ಮುಚ್ಚಿ. ನಡುವೆ ಕಡ್ಡಿ ಚುಚ್ಚಿದರೆ ಹಿಟ್ಟು ಅಂಟದೆ ಬರಬೇಕು. ಅಂಟಿದರೆ ಇನ್ನೂ 15 ನಿಮಿಷ ಬಿಟ್ಟು ಮತ್ತೆ ನೋಡಿ.

ಆಮೇಲೆ ಬರೋದು ಕೇಕಿಗೆ ರಮ್ ಕುಡಿಸೋದು. ಬೆಂದ ಕೇಕಿಗೆ ಸಣ್ಣ ತೂತು ಮಾಡಿ 2 ದೊಡ್ಡ ಚಮಚ, ಅಂದ್ರೆ 30 ಎಂ.ಎಲ್. ರಮ್ ಹನಿಸಿ, ಬಟರ್ ಪೇಪರಿನಲ್ಲಿ ಸುತ್ತಿ, ಮೇಲೆ ಫಾಯಿಲ್ ಸುತ್ತಿ, ಡಬ್ಬಿಯಲ್ಲಿಡೋದು. ವಾರಕ್ಕೊಂದು ಸಲ, ಹೀಗೆ ಮೂರು ಸಲ. ಒಟ್ಟು 90 ಎಂ.ಎಲ್.

ಹಾಗಾದ್ರೆ ಹಾರಿ ಹೋಗುತ್ತಾ?

ಆಲ್ಕೋಹಾಲ್ 78 ಡಿಗ್ರಿಯಲ್ಲಿ ಕುದಿಯುತ್ತೆ, ನೀರು 100ರಲ್ಲಿ. "ಓವನ್ 150 ಡಿಗ್ರಿ ಇದೆ, ಅಂದ ಮೇಲೆ ಆಲ್ಕೋಹಾಲ್ ಎಲ್ಲಾ ಹೋಗಲೇಬೇಕಲ್ಲ" ಅನ್ನೋದು ನಮ್ಮ ಎಲ್ಲರ ತರ್ಕ. ಇದರಲ್ಲಿ ಎರಡು ತಪ್ಪಿದೆ.

ಒಂದು, ಓವನ್ 150 ಇದ್ದರೂ ಕೇಕಿನ ಒಳಗೆ ಅಷ್ಟು ಶಾಖ ಇರಲ್ಲ. ಒಳಗೆ ನೀರಿನಂಶ ಇರೋವರೆಗೂ ಅದು 100 ದಾಟಲ್ಲ. ನಡುಭಾಗ ಬಿಸಿಯಾಗೋಕೆ ಬಹಳ ಹೊತ್ತೂ ಬೇಕು. ಎರಡು, ನೀರು ಮತ್ತು ಆಲ್ಕೋಹಾಲ್ ಬೆರೆತ ಮೇಲೆ ಅವು ಬೇರೆ ಬೇರೆಯಾಗಿ ಕುದಿಯಲ್ಲ. ಮೊದಲು ಆಲ್ಕೋಹಾಲ್ ಪೂರ್ತಿ ಹೋಗಿ, ಆಮೇಲೆ ನೀರು ಹೋಗೋದು ಅಂತಿಲ್ಲ. ಎರಡೂ ಒಟ್ಟಿಗೇ ಆವಿಯಾಗುತ್ತವೆ. ಆವಿಯಲ್ಲಿ ಆಲ್ಕೋಹಾಲಿನ ಪಾಲು ಹೆಚ್ಚಿರುತ್ತೆ ಅಷ್ಟೇ. ಹಾಗಾಗಿ ಅದು ಕಡಿಮೆಯಾಗುತ್ತಾ ಹೋಗುತ್ತೆ, ಪೂರ್ತಿ ಹೋಗೋದು ಕಷ್ಟ. ಅದೂ ದ್ರಾಕ್ಷಿಯ ಹೊಟ್ಟೆಯೊಳಗೆ ಕೂತ ರಮ್ ಸಿಪ್ಪೆ ದಾಟಿ, ಹಿಟ್ಟು ದಾಟಿ, ಹೊರಗೆ ಬರಬೇಕು.

ಇದನ್ನು ಅಳೆದು ನೋಡಿದ್ದಾರೆ. 1992ರಲ್ಲಿ ಅಮೆರಿಕದ ಸಂಶೋಧಕರು ಬೇರೆ ಬೇರೆ ಅಡುಗೆಗೆ ಆಲ್ಕೋಹಾಲ್ ಹಾಕಿ, ಬೇಯಿಸಿದ ಮೇಲೆ ಎಷ್ಟು ಉಳಿದಿದೆ ಅಂತ ಪರೀಕ್ಷೆ ಮಾಡಿದರು. ಅಲ್ಲಿನ ಕೃಷಿ ಇಲಾಖೆಯ ಪೋಷಕಾಂಶ ಪಟ್ಟಿಯಲ್ಲೂ ಈ ಲೆಕ್ಕ ಇದೆ. ಕುದಿಯೋ ದ್ರವಕ್ಕೆ ಹಾಕಿ ತಕ್ಷಣ ಒಲೆಯಿಂದ ಇಳಿಸಿದರೆ ಶೇಕಡಾ 85 ಉಳಿಯುತ್ತೆ. ಬೆಂಕಿ ಹಚ್ಚಿ ಉರಿಸಿದರೆ ಶೇಕಡಾ 75. ಬಿಸಿಯೇ ಮಾಡದೆ ರಾತ್ರಿಯಿಡೀ ಇಟ್ಟರೆ ಶೇಕಡಾ 70. ಬೆರೆಸಿ ಬೇಯಿಸಿದರೆ 15 ನಿಮಿಷಕ್ಕೆ 40, ಅರ್ಧ ಗಂಟೆಗೆ 35, ಒಂದು ಗಂಟೆಗೆ 25, ಒಂದೂವರೆ ಗಂಟೆಗೆ 20, ಎರಡು ಗಂಟೆಗೆ 10, ಎರಡೂವರೆ ಗಂಟೆ ಬೆಂದ ಮೇಲೂ ಶೇಕಡಾ 5. ಪಾತ್ರೆ ಅಗಲ ಇದೆಯಾ, ಮುಚ್ಚಿದೆಯಾ ಅನ್ನೋದರ ಮೇಲೆ ಇದು ಆಚೀಚೆ ಆಗುತ್ತೆ, ಅಂದಾಜಿಗೆ ಇದು ಸಾಕು.

ನಮ್ಮ ಕೇಕಿಗೆ ಲೆಕ್ಕ ಹಾಕೋಣ. ರಮ್ 150 ಎಂ.ಎಲ್. ಅದರಲ್ಲಿ ಶೇಕಡಾ 42.8 ಅಂದ್ರೆ ಸುಮಾರು 64 ಎಂ.ಎಲ್. ಶುದ್ಧ ಆಲ್ಕೋಹಾಲ್. ಅದು ನೀರಿಗಿಂತ ಹಗುರ, ತೂಕದಲ್ಲಿ ಸುಮಾರು 50 ಗ್ರಾಂ. ಒಂದೂವರೆ ಗಂಟೆ ಬೆಂದ ಮೇಲೆ ಐದರಲ್ಲಿ ಒಂದು ಪಾಲು ಉಳಿದರೆ 10 ಗ್ರಾಂ. 24 ತುಂಡು ಮಾಡಿದರೆ ಒಂದು ತುಂಡಿನಲ್ಲಿ ಅರ್ಧ ಗ್ರಾಮಿಗೂ ಕಡಿಮೆ.

ಈಗ ಆಮೇಲೆ ಕುಡಿಸಿದ 90 ಎಂ.ಎಲ್. ನೋಡಿ. ಅದರಲ್ಲಿ ಸುಮಾರು 30 ಗ್ರಾಂ ಆಲ್ಕೋಹಾಲ್. ಇದು ಓವನ್ ಬಾಗಿಲು ಕಂಡೇ ಇಲ್ಲ! ಸುತ್ತಿ ಮುಚ್ಚಿಟ್ಟಿದ್ದೀವಿ ಬೇರೆ. ಶೇಕಡಾ 70 ಉಳಿಯಿತು ಅಂದುಕೊಂಡರೂ 21 ಗ್ರಾಂ. ಅಂದ್ರೆ ಬೇಯೋ ಮುಂಚೆ ಹಾಕಿದ ಒಂದೂಕಾಲು ಕ್ವಾರ್ಟರಿಗಿಂತ, ಬೆಂದ ಮೇಲೆ ಚಮಚದಲ್ಲಿ ಹನಿಸಿದ್ದೇ ಎರಡು ಪಟ್ಟು ಆಲ್ಕೋಹಾಲ್ ಉಳಿಸಿದೆ ಅಂತ ಹೇಳೋಕೆ ಹೊರಟಿದ್ದೆ, ತಪ್ಪು, 150 ಎಂ.ಎಲ್. ಅಂದ್ರೆ ಕ್ವಾರ್ಟರಿಗೂ ಕಡಿಮೆಯೇ. ಆದರೆ ಎರಡು ಪಟ್ಟು ಅನ್ನೋದು ನಿಜ. ನನಗೆ ಆವತ್ತು ಕಣ್ಣು ತೆರೆಸಿದ ಲೆಕ್ಕ ಇದೇ.

ಎರಡೂ ಸೇರಿ 31 ಗ್ರಾಂ. ತುಂಡಿಗೆ 1.3 ಗ್ರಾಂ. ಒಂದು ಚಿಕ್ಕ ಪೆಗ್, ಅಂದ್ರೆ 30 ಎಂ.ಎಲ್. ರಮ್ಮಿನಲ್ಲಿ ಇರೋದು 10 ಗ್ರಾಂ. ಹಾಗಾಗಿ ಒಂದು ತುಂಡು ಕೇಕ್ ಅಂದ್ರೆ ಚಿಕ್ಕ ಪೆಗ್ಗಿನ ಎಂಟರಲ್ಲಿ ಒಂದು ಪಾಲು. ಕುಡಿಸದೇ ಬಿಟ್ಟರೆ ಇಪ್ಪತ್ತೈದರಲ್ಲಿ ಒಂದು ಪಾಲು. ಕೇಕ್ ತಿಂದು ಯಾರಿಗೂ ಮತ್ತು ಬರಲ್ಲ, ಅದು ಬೇರೆ ಮಾತು. ಆದರೆ ಸೊನ್ನೆ ಅಂತೂ ಅಲ್ಲ.

ಬೆಂಕಿ ಕಂಡ ರಮ್, ಬೆಂಕಿ ಕಾಣದ ರಮ್

ಇದೇ ಕಣ್ಣಿನಿಂದ ಬೇರೆ ತಿಂಡಿಗಳನ್ನೂ ನೋಡಬಹುದು.

ರಮ್ ಬಾಲ್ ಮಾಡ್ತೀವಲ್ಲ, ಉಳಿದ ಕೇಕಿನ ಪುಡಿ, ಕೋಕೋ, ರಮ್ ಕಲಸಿ ಉಂಡೆ ಕಟ್ಟೋದು. ಇದನ್ನು ಬೇಯಿಸೋದೇ ಇಲ್ಲ. 20 ಉಂಡೆಗೆ 60 ಎಂ.ಎಲ್. ರಮ್ ಹಾಕಿದರೆ ಉಂಡೆಗೆ 3 ಎಂ.ಎಲ್., ಅಂದ್ರೆ 1 ಗ್ರಾಂ ಆಲ್ಕೋಹಾಲ್. ನೋಡೋಕೆ ಚಾಕೊಲೇಟ್ ಉಂಡೆ, ಮಕ್ಕಳು ಒಂದಕ್ಕೆ ನಿಲ್ಲಿಸಲ್ಲ. ಮಕ್ಕಳಿರೋ ಮನೆಯಲ್ಲಿ ನಾನು ಹೆಚ್ಚು ಜಾಗ್ರತೆ ಮಾಡೋದು ಕೇಕಿಗಿಂತ ಇದಕ್ಕೆ.

ಫ್ರಾನ್ಸಿನ ರಮ್ ಬಾಬಾ ಇನ್ನೊಂದು. ಯೀಸ್ಟ್ ಹಾಕಿ ಉಬ್ಬಿಸಿದ ಚಿಕ್ಕ ಕೇಕನ್ನು, ನಮ್ಮ ಜಾಮೂನಿನ ಹಾಗೆ, ರಮ್ ಸೇರಿಸಿದ ಸಕ್ಕರೆ ಪಾಕದಲ್ಲಿ ನೆನೆಸೋದು. ಪ್ಯಾರಿಸ್ಸಿನಲ್ಲಿ 1730ರಿಂದ ಇರೋ ಸ್ಟೋರೆ ಅನ್ನೋ ಅಂಗಡಿ ಇದಕ್ಕೆ ಹೆಸರಾಗಿದೆ. ಇಲ್ಲಿ ಗುಟ್ಟು ಏನು ಅಂದ್ರೆ, ಪಾಕ ಕುದಿದು ತಣ್ಣಗಾದ ಮೇಲೆ ರಮ್ ಹಾಕೋದು. ಕುದಿಯುವಾಗ ಹಾಕಿದರೆ ವಾಸನೆ ಅಡುಗೆಮನೆ ತುಂಬುತ್ತೆ, ಬಾಬಾಗೆ ಏನೂ ಉಳಿಯಲ್ಲ. ರುಚಿಗೆ ಅದು ಸರಿಯಾದ ಕ್ರಮ. ಆದರೆ ಹಾಕಿದ ರಮ್ ಬಹುತೇಕ ಹಾಗೇ ತಟ್ಟೆಗೆ ಬರುತ್ತೆ ಅನ್ನೋದೂ ಗೊತ್ತಿರಲಿ.

ಬೆಂಕಿ ಹಚ್ಚೋದು ಎಲ್ಲಕ್ಕಿಂತ ಮೋಸದ್ದು. ಅಮೆರಿಕದ ನ್ಯೂ ಆರ್ಲಿಯನ್ಸ್‌ನ ಬ್ರೆನ್ನನ್ಸ್ ಹೋಟೆಲಿನಲ್ಲಿ 1951ರಲ್ಲಿ ಹುಟ್ಟಿದ ಬನಾನಾಸ್ ಫಾಸ್ಟರ್ ಅನ್ನೋ ತಿಂಡಿ ಇದೆ. ಬೆಣ್ಣೆ, ಬ್ರೌನ್ ಶುಗರ್, ಚಕ್ಕೆಯಲ್ಲಿ ಬಾಳೆಹಣ್ಣು ಹುರಿದು, ರಮ್ ಹಾಕಿ ಬೆಂಕಿ ಹಚ್ಚಿ, ವೆನಿಲ್ಲಾ ಐಸ್‌ಕ್ರೀಂ ಮೇಲೆ ಸುರಿಯೋದು. ಜ್ವಾಲೆ ಎದ್ದದ್ದು ಕಂಡು ಎಲ್ಲಾ ಸುಟ್ಟು ಹೋಯಿತು ಅನ್ನಿಸುತ್ತೆ. ನಿಜಕ್ಕೂ ಮೇಲಿನ ಆವಿ ಮಾತ್ರ ಉರಿಯೋದು. ಆವಿ ತೆಳುವಾದ ಕೂಡಲೇ ಬೆಂಕಿ ಆರುತ್ತೆ, ಮುಕ್ಕಾಲು ಪಾಲು ಕೆಳಗೇ ಇರುತ್ತೆ. ನಾಲ್ಕು ಜನಕ್ಕೆ 30 ಎಂ.ಎಲ್. ಹಾಕಿದರೂ ಒಬ್ಬೊಬ್ಬರಿಗೆ ಸುಮಾರು 2 ಗ್ರಾಂ ಬರುತ್ತೆ, ನಮ್ಮ ಕೇಕಿನ ತುಂಡಿಗಿಂತ ಹೆಚ್ಚು. ಚಿಮಣಿ ಕೆಳಗೆ, ಕಿಟಕಿ ಪರದೆ ಪಕ್ಕ, ನಮ್ಮ ಫ್ಲಾಟಿನ ಪುಟ್ಟ ಅಡುಗೆಮನೆಗಳಲ್ಲಿ ಈ ಸಾಹಸ ಬೇಡ. ಗ್ಯಾಸ್ ಆರಿಸಿ, ಚಿಕ್ಕ ಬಟ್ಟಲಿಂದ ಅಳೆದ ರಮ್ ಹಾಕಿ, ಆಮೇಲೆ ಸಣ್ಣ ಉರಿಯಲ್ಲಿ ಒಂದೆರಡು ನಿಮಿಷ ಬಿಡಿ. ರುಚಿಗೆ ಏನೂ ಕೊರತೆ ಆಗಲ್ಲ. ಬಾಟಲಿಯಿಂದ ನೇರವಾಗಿ ಬಿಸಿ ಬಾಣಲೆಗೆ ಯಾವತ್ತೂ ಸುರಿಯಬೇಡಿ, ಬೆಂಕಿ ಬಾಟಲಿವರೆಗೂ ಹತ್ತಬಹುದು.

ಐಸ್‌ಕ್ರೀಮಿಗೆ ರಮ್ ಹಾಕುವಾಗ ಇನ್ನೊಂದು ವಿಷಯ. ಆಲ್ಕೋಹಾಲ್ ಬೇಗ ಗಡ್ಡೆ ಕಟ್ಟಲ್ಲ. ರಮ್ಮಿನಲ್ಲಿ ನೆನೆದ ದ್ರಾಕ್ಷಿ ಫ್ರೀಜರಿನಲ್ಲೂ ಕಲ್ಲಾಗದೆ ಮೆತ್ತಗಿರೋದು ಅದಕ್ಕೇ. ಅದೇ ಕಾರಣಕ್ಕೆ ರಮ್ ಜಾಸ್ತಿ ಆದರೆ ಐಸ್‌ಕ್ರೀಂ ಗಟ್ಟಿಯಾಗೋದೇ ಇಲ್ಲ. ಅರ್ಧ ಲೀಟರಿಗೆ 2 ದೊಡ್ಡ ಚಮಚ ಮೀರಬೇಡಿ.

ಬೇಡದವರಿಗೆ ಬೇರೆ ಕೇಕ್

ರಮ್ ಇಲ್ಲದ ಕೇಕ್ ಅಂದ್ರೆ ಸಪ್ಪೆ ಕೇಕ್ ಅಲ್ಲ. ರಮ್ ಕೊಡೋ ರುಚಿಯನ್ನು ಬಿಡಿ ಬಿಡಿಯಾಗಿ ಜೋಡಿಸಿಕೊಳ್ಳಬಹುದು. 100 ಎಂ.ಎಲ್. ಕಿತ್ತಳೆ ರಸ, 50 ಎಂ.ಎಲ್. ಸ್ಟ್ರಾಂಗ್ ಚಹಾ ಡಿಕಾಕ್ಷನ್, ಒಂದು ದೊಡ್ಡ ಚಮಚ ಕಪ್ಪು ಬೆಲ್ಲ, ಸ್ವಲ್ಪ ಒಣಶುಂಠಿ. ಬೆಲ್ಲದಿಂದ ಕಾಕಂಬಿಯ ರುಚಿ, ಚಹಾದಿಂದ ಪೀಪಾಯಿಯ ಒಗರು, ಶುಂಠಿಯಿಂದ ಗಂಟಲಿಗೆ ಸಿಗೋ ಖಾರ. ಇದನ್ನು ಬಿಸಿ ಮಾಡಿ ಹಣ್ಣಿನ ಮೇಲೆ ಸುರಿದು, ತಣ್ಣಗಾದ ಮೇಲೆ ಫ್ರಿಜ್ಜಿನಲ್ಲಿಡಿ. ಒಂದು ರಾತ್ರಿ, ಹೆಚ್ಚು ಅಂದ್ರೆ ಎರಡು ದಿನ. ಇಲ್ಲಿ ಕಾಯೋಕೆ ಆಲ್ಕೋಹಾಲ್ ಇಲ್ಲ, ಹೊರಗಿಟ್ಟರೆ ಹುಳಿ ಬರುತ್ತೆ. ಹುಳಿ ಬಂದರೆ ನಾವು ಬೇಡ ಅಂದದ್ದೇ ಒಳಗೆ ತಯಾರಾಗುತ್ತೆ! ಈ ಕೇಕನ್ನು ಫ್ರಿಜ್ಜಿನಲ್ಲಿಟ್ಟು ವಾರದೊಳಗೆ ಮುಗಿಸಿ.

ರಮ್ ಎಸೆನ್ಸ್ ಹಾಕೋದಾದರೆ ಲೇಬಲ್ ಓದಿ. ಕೆಲವು ಎಸೆನ್ಸುಗಳನ್ನು ಕರಗಿಸಿರೋದೇ ಆಲ್ಕೋಹಾಲಿನಲ್ಲಿ. ಇನ್ನೊಂದು, ಎರಡು ಥರದ ಕೇಕ್ ಮಾಡೋ ದಿನ ರಮ್ ಇಲ್ಲದ್ದನ್ನು ಮೊದಲು ಮಾಡಿ. ಅದೇ ಬಟ್ಟಲು, ಅದೇ ಸೌಟು ಅಂತಾದರೆ ಬೇಡ ಅಂದವರಿಗೆ ಕೊಟ್ಟ ಮಾತು ಉಳಿಯಲ್ಲ.

ಯಾರಿಗೆ ಬೇಡ? ಬಸುರಿಯರಿಗೆ ಆಲ್ಕೋಹಾಲ್ ಬೇಡ ಅಂತ ಡಾಕ್ಟರುಗಳೇ ಹೇಳ್ತಾರೆ. ಚಿಕ್ಕ ಮಕ್ಕಳಿದ್ದಾರೆ. ಧರ್ಮದ ಕಾರಣಕ್ಕೆ ಮುಟ್ಟದವರಿದ್ದಾರೆ, ಅವರಿಗೆ ಅರ್ಧ ಗ್ರಾಂ, ಒಂದು ಗ್ರಾಂ ಅನ್ನೋ ಲೆಕ್ಕವೇ ಬೇಕಾಗಿಲ್ಲ. ಕುಡಿತ ಬಿಟ್ಟವರಿದ್ದಾರೆ. ಅವರಲ್ಲಿ ಕೆಲವರು ತಗೊಳ್ಳೋ ಡೈಸಲ್ಫಿರಾಮ್ ಅನ್ನೋ ಮಾತ್ರೆ ಇದೆ. ಅದು ದೇಹದಲ್ಲಿ ಇರುವಾಗ ಊಟದಲ್ಲಿ ಬಂದ ಸ್ವಲ್ಪ ಆಲ್ಕೋಹಾಲಿಗೂ ಮುಖ ಕೆಂಪೇರಿ, ವಾಂತಿ, ಎದೆಬಡಿತ ಶುರುವಾಗಬಹುದು. ನಮ್ಮ ಕೆಳಗಿನ ಮನೆಯವರು ತಗೊಳ್ತಿದ್ದದ್ದು ಅದನ್ನೇ. ಅವರು ಕೇಳದೇ ತಿಂದಿದ್ದರೆ? ನನ್ನ ಮಾತು ನಂಬಿ ತಿಂದಿದ್ದರೆ? ಅದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಹೇಗೋ ಆಗುತ್ತೆ.

ನಾವು ಊರು ಬಿಟ್ಟು ಬಂದು ಇಂಥ ದೊಡ್ಡ ಊರುಗಳಲ್ಲಿ ಇದ್ದೀವಿ. ಒಂದೇ ಬಿಲ್ಡಿಂಗಿನಲ್ಲಿ ಹತ್ತು ಭಾಷೆ, ಹತ್ತು ಪದ್ಧತಿ. ಪಕ್ಕದ ಮನೆಯವರು ಏನು ತಿಂತಾರೆ, ಏನು ಬಿಟ್ಟಿದ್ದಾರೆ, ಯಾವ ಮಾತ್ರೆ ನುಂಗ್ತಾರೆ ಅಂತ ನಮಗೆ ಗೊತ್ತಿರಲ್ಲ, ಕೇಳೋದು ಸರಿಯೂ ಅಲ್ಲ. ಆದರೆ ನಾವು ಏನು ಹಾಕಿದ್ದೀವಿ ಅಂತ ನಮಗೆ ಗೊತ್ತಿದೆ, ಅದನ್ನ ಹೇಳೋಕೆ ಅಡ್ಡಿ ಇಲ್ಲ.

ಹಾಗಾಗಿ ಆಮೇಲಿನ ವರ್ಷದಿಂದ ನಾನು ಎರಡು ಥರ ಡಬ್ಬಿ ಮಾಡ್ತೀನಿ. ಒಂದರ ಮೇಲೆ ಚೀಟಿ: "ರಮ್ ಇದೆ, ಮೊಟ್ಟೆ ಇದೆ." ಇನ್ನೊಂದರ ಮೇಲೆ: "ರಮ್ ಇಲ್ಲ, ಮೊಟ್ಟೆ ಇದೆ." ಯಾರಿಗೆ ಯಾವುದು ಬೇಕೋ ಅವರೇ ಎತ್ತಿಕೊಳ್ತಾರೆ, ಯಾರೂ ಕಾರಣ ಹೇಳಬೇಕಾಗಿಲ್ಲ. ಕೆಳಗಿನ ಮನೆಯ ಹಿರಿಯರು ಎರಡನೇ ಡಬ್ಬಿಯಿಂದ ಎರಡು ತುಂಡು ತಗೊಂಡರು. ಚಹಾ ಡಿಕಾಕ್ಷನ್ ಇನ್ನೂ ಸ್ವಲ್ಪ ಜಾಸ್ತಿ ಹಾಕಬಹುದಿತ್ತು ಅಂತ ಒಂದು ಸಲಹೆಯನ್ನೂ ಕೊಟ್ಟರು. ಮೇಲೆ ಹೇಳಿದ 50 ಎಂ.ಎಲ್. ಅಳತೆ ಅವರ ಸಲಹೆ ಆದ ಮೇಲಿನದು.

ಈ ವಾರವೇ ಹಣ್ಣು ನೆನೆ ಹಾಕಿ. ಡಿಸೆಂಬರಿನಲ್ಲಿ ಡಬ್ಬಿ ತುಂಬುವಾಗ ಚೀಟಿ ಮರೀಬೇಡಿ.